ಅಯ್ಯೋ ಮಾವನ ಗೆಲುವು

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದು ಬೇರೆ ಯಾರಿಗೂ ಬೇಕಾಗಿರಲಿಲ್ಲ. ಅಕ್ಕನ ಮಕ್ಕಳು ಅವನನ್ನು ‘ಅಯ್ಯೋ ಮಾವ’ ಎಂದು ಕರೆದರು. ಅವರ ಬಾಯಿಂದ ಅದು ಬೀದಿಗೆ ಬಂತು, ಬೀದಿಯಿಂದ ಲಾಂಡ್ರಿಗೆ ಬಂತು, ಕೊನೆಗೆ ಕಟ್ಟಿಕೊಂಡ ಹೆಂಡತಿಯೇ ಸಿಟ್ಟು ಬಂದಾಗ “ಏನ್ರೀ ಅಯ್ಯೋ ಅವರೇ” ಎನ್ನತೊಡಗಿದಳು. ಕಾರಣ ಇಷ್ಟೇ. ಚದುರಂಗದ ಮುಂದೆ ಕೂತರೆ ಅವನ ಕೈ ಕಾಯಿಯನ್ನು ಎತ್ತಿ ಇನ್ನೊಂದು ಮನೆಯಲ್ಲಿ ಇಟ್ಟುಬಿಡುತ್ತಿತ್ತು, ಕೈ ಹಿಂದಕ್ಕೆ ಬರುವಷ್ಟರಲ್ಲಿ ಬಾಯಿ “ಅಯ್ಯೋ” ಎನ್ನುತ್ತಿತ್ತು. ಇಟ್ಟ ಕಾಯಿ ಎದುರಾಳಿಯ ಬಾಯಿಗೆ ಬಿದ್ದಿರುತ್ತಿತ್ತು.

ಬುದ್ಧಿ ಕಡಿಮೆ ಎಂದು ಅವನ ಬಗ್ಗೆ ಹೇಳುವವರಿಗೆ ನನ್ನ ತಕರಾರಿದೆ. ಅವನ ತಲೆ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಕೈ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. ಮೀಸೆ ಮೂಡುವ ಮೊದಲೇ ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತವನು ಅವನು. ಆ ಕೆಲಸದಲ್ಲಿ ಮೊದಲು ಕಲಿಸುವ ಪಾಠ, ಕೈ ನಿಲ್ಲಬಾರದು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಇರುವಷ್ಟು ಹೊತ್ತೂ ಓಡುತ್ತಲೇ ಇರಬೇಕು. ಕಾಲರು, ಹೆಗಲು, ತೋಳು, ಬೆನ್ನು, ಕೊನೆಗೆ ಗುಂಡಿಪಟ್ಟಿ. ಯೋಚನೆ ಮಾಡೋಣ ಎಂದು ಅರೆಕ್ಷಣ ನಿಂತರೆ ಕಂದು ಕಲೆ ಬಿತ್ತೆಂದೇ ಲೆಕ್ಕ. ವಾರವೆಲ್ಲ ಹಾಗೆ ಓಡಿದ ಕೈಯನ್ನು ಭಾನುವಾರ ತಂದು ಕೂರಿಸಿ, ನೀನೀಗ ಸುಮ್ಮನಿರು ಎಂದರೆ ಅದಾದರೂ ಹೇಗೆ ಕೇಳೀತು?

ಎದುರು ಕೂರುತ್ತಿದ್ದವರು ಭಾವ, ಅಂದರೆ ಅಕ್ಕನ ಗಂಡ. ಕನ್ನಡಕದ ಅಂಗಡಿ ಅವರದು. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಗಿರಾಕಿಯ ಮೂಗಿನ ಮೇಲೆ ಇಟ್ಟು ನೋಡುವುದು, ಕಿವಿಯ ಹಿಂದೆ ಒತ್ತದ ಹಾಗೆ ಕಡ್ಡಿ ಬಗ್ಗಿಸುವುದು, ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಅವಸರ ಎಂಬ ಪದಾರ್ಥವನ್ನು ಅವರ ಹತ್ತಿರ ಯಾರೂ ಕಂಡಿರಲಿಲ್ಲ. ಭಾನುವಾರ ಊಟವಾದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಾಳೆ ತೂಗುಹಾಕಿದ್ದ ಗೋಡೆಯ ಕೆಳಗೆ, ಭಾವ ಹಲಗೆ ಬಿಚ್ಚುತ್ತಿದ್ದರು. ಅಲ್ಲಿ ಕಾನೂನು ಕಟ್ಟುನಿಟ್ಟು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಕೈಬಿಟ್ಟ ಕಾಯಿ ಬಿಟ್ಟಲ್ಲೇ ಇರಬೇಕು.

“ಮುಟ್ಟೋಕೆ ಮುಂಚೆ ಎಷ್ಟು ಸಲ ಬೇಕಾದ್ರೂ ಮನಸ್ಸು ಬದಲಾಯಿಸು ಬಾಮೈದ,” ಎನ್ನುತ್ತಿದ್ದರು ಭಾವ. “ಮುಟ್ಟಿದ ಮೇಲೆ ನಿನ್ನ ಅಕ್ಕ ಬಂದು ಹೇಳಿದ್ರೂ ನಾನು ಬಿಡಲ್ಲ.”

ಆಟ ಮುಗಿದ ಮೇಲೆ ಅವನ ಬೆನ್ನು ತಟ್ಟಿ, “ಮುಂದಿನ ವಾರ ಸ್ವಲ್ಪ ಹುಷಾರಾಗಿ ಆಡು” ಎಂದು ಕಳಿಸುತ್ತಿದ್ದರು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಅಕ್ಕನ ಮದುವೆಯಾದಂದಿನಿಂದ. ಒಮ್ಮೆಯೂ ಅವನು ಗೆದ್ದಿರಲಿಲ್ಲ.

ಬರೀ ಆಟವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮನೆಯವರು ಹಲಗೆಯ ಮೇಲಿನ ಮಾತನ್ನೇ ಬದುಕಿಗೂ ಅಂಟಿಸಿಬಿಟ್ಟರು. ಎಲ್ಲರೂ ಸೇರಿ ಪ್ರಯಾಣ ಹೊರಟರೆ ಟಿಕೆಟು ಭಾವನ ಜೇಬಿನಲ್ಲಿ, ಬೀಗದ ಕೈ ಅಕ್ಕನ ಚೀಲದಲ್ಲಿ. ಮನೆಯಲ್ಲಿ ಕೂಸು ಹುಟ್ಟಿದರೆ, “ಅವನ ಕೈಗೆ ಮಾತ್ರ ಕೊಡಬೇಡಿ, ಅಯ್ಯೋ ಅಂದುಬಿಟ್ಟಾನು” ಎಂದು ನಗು. ಅವನೂ ನಗುತ್ತಿದ್ದ, ನಗದೆ ಏನು ಮಾಡಿಯಾನು? ಅಪ್ಪ ಹಾಸಿಗೆ ಹಿಡಿದಾಗ ಮಾತ್ರ ನಗು ಬರಲಿಲ್ಲ. ಹೊತ್ತು ಹೊತ್ತಿಗೆ ಔಷಧಿ ಕುಡಿಸುವವರು ಯಾರು ಎಂಬ ಮಾತು ಬಂದಾಗ ಅಪ್ಪ ದಿಂಬಿನಿಂದ ತಲೆಯೆತ್ತಿ, “ಅಳಿಯಂದಿರಿಗೆ ಹೇಳಿ. ಇವನು ಮರೀತಾನೆ,” ಎಂದರು. ಅವನು ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಭಾವನನ್ನು ಒಂದೇ ಒಂದು ಸಲ ಗೆಲ್ಲಬೇಕು, ಎಲ್ಲರೂ ಊಟಕ್ಕೆ ಕೂತಿರುವಾಗ ಅದನ್ನು ಹೇಳಬೇಕು, ಆಮೇಲೆ ಯಾರಾದರೂ ಒಂದು ವಸ್ತುವನ್ನು ನಂಬಿ ತನ್ನ ಕೈಗೆ ಕೊಡಬೇಕು. ಅವನ ಆಸೆ ಇಷ್ಟೇ ಇತ್ತು.

ಆಸೆಗೆ ತಕ್ಕ ಪ್ರಯತ್ನವನ್ನೂ ಮಾಡಿದ. ಕಾಯಿ ಎತ್ತುವ ಮೊದಲು ಹತ್ತರವರೆಗೆ ಎಣಿಸಿ ನೋಡಿದ. ತಲೆ ಎಣಿಸುತ್ತಿದ್ದಾಗಲೇ ಕೈ ಹೋಗಿ ಕುದುರೆಯನ್ನು ಮುಟ್ಟಿತ್ತು. ನಡೆಯನ್ನು ಬಾಯಲ್ಲಿ ಪಿಸುಗುಟ್ಟಿ ಆಮೇಲೆ ಆಡಿದ. ಭಾವನಿಗೆ ಕಿವಿ ಚುರುಕು, ಇವನ ಹಂಚಿಕೆಯೆಲ್ಲ ಮುಂಚೆಯೇ ತಿಳಿದುಹೋಯಿತು. ಕೊನೆಗೆ ಉಪಾಯ ಹೇಳಿಕೊಟ್ಟವಳು ಹೆಂಡತಿ.

“ಕೈ ಮೇಲೆ ಕೂತ್ಕೊಳ್ರೀ,” ಎಂದಳು, ಬಟ್ಟೆ ಮಡಚುತ್ತಾ.

“ಅಂದ್ರೆ?”

“ಅಂದ್ರೆ ಅಂದ್ರೆ. ಎರಡೂ ಕೈ ತೊಡೆ ಕೆಳಗೆ ಹಾಕ್ಕೊಂಡು ಕೂತ್ಕೊಳ್ಳಿ. ನೋಡಿ ಮುಗಿಯೋವರೆಗೂ ಹೊರಗೆ ತೆಗೀಬೇಡಿ. ನಿಮ್ಮ ಭಾರಕ್ಕೆ ಎಲ್ಲಿಗೆ ಹೋಗತ್ತೆ ಅದು?”

ಅವನು ನಕ್ಕ. ಆದರೆ ಮರುದಿನದಿಂದ ಅದನ್ನೇ ಅಭ್ಯಾಸಕ್ಕೆ ಹಿಡಿದ. ಲಾಂಡ್ರಿಯಲ್ಲಿ ಬಟ್ಟೆ ಬಟ್ಟೆಗೂ ನಡುವೆ ಕೈ ಕಟ್ಟಿ ನಿಂತು, ಎದುರಿನವನ ಕಾಯಿ ಯಾವುದನ್ನು ಹೊಡೆಯಲು ನೋಡುತ್ತಿದೆ ಎಂದು ಮನಸ್ಸಿನಲ್ಲೇ ಹಲಗೆ ಹಾಸಿ ನೋಡುತ್ತಿದ್ದ. ಒಂದು ದಿನ ಪೆಟ್ಟಿಗೆಯನ್ನು ಎತ್ತಿಡುವುದನ್ನೇ ಮರೆತು ಕೈ ಕಟ್ಟಿದ. ವಕೀಲರ ಬಿಳಿ ಅಂಗಿಯ ಬೆನ್ನಿನಲ್ಲಿ ಪೆಟ್ಟಿಗೆಯ ಅಚ್ಚು ಮೂಡಿತು. ಮಾಲೀಕ ಬಂದು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಏನಂತೀಯಪ್ಪ?” ಎಂದ. ಅವನು ಅಂದದ್ದು ಎಲ್ಲರಿಗೂ ಗೊತ್ತಿರುವ ಮಾತನ್ನೇ.

ಆದರೂ ಬಿಡಲಿಲ್ಲ. ಸೋತು ಸೋತು ಅವನಿಗೆ ಒಂದು ಸಂಗತಿ ತಿಳಿದಿತ್ತು. ಕಾಯಿ ಹೋಗಿ ಕೂರುವ ಮನೆಯನ್ನು ಎಲ್ಲರೂ ನೋಡುತ್ತಾರೆ, ಅದು ಬಿಟ್ಟುಹೋಗುವ ಮನೆಯನ್ನು ಯಾರೂ ನೋಡುವುದಿಲ್ಲ. ಹೊರಟ ಕಾಯಿ ಅಲ್ಲಿ ನಿಂತು ಯಾರನ್ನು ಕಾಯುತ್ತಿತ್ತು, ಯಾರಿಗೆ ಅಡ್ಡವಾಗಿತ್ತು, ಅಪಾಯವೆಲ್ಲ ಇರುವುದು ಅಲ್ಲೇ. ಇನ್ನೊಂದು ವಿಷಯದಲ್ಲಂತೂ ಅವನಷ್ಟು ಅನುಭವಸ್ಥ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಕಾಯಿಯಿಂದ ಬೆರಳು ಬಿಟ್ಟ ಕ್ಷಣವೇ ತಪ್ಪು ಕಾಣುತ್ತದೆ. ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ಏನೋ, ಬೆರಳು ಬಿಟ್ಟದ್ದೇ ತಡ ಕಣ್ಣಿಗೆ ರಾಚುತ್ತದೆ. ಮುಖ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡರೂ ಮುಖವನ್ನು ಮುಚ್ಚಲಾಗುವುದಿಲ್ಲ.

ಆ ಭಾನುವಾರ ಅವನು ಕೈಯ ಮೇಲೆ ಕೂತೇ ಆಡಿದ. ಭಾವ ಅದನ್ನು ನೋಡಿ, “ಏನಿದು, ಮೊಟ್ಟೆ ಇಟ್ಟಿದೀಯಾ?” ಎಂದು ಕೇಳಿದರು. ಅವನು ಪ್ರತಿ ನಡೆಗೂ ಭಾವನ ಕಾಯಿಗಳನ್ನು ಒಂದೊಂದಾಗಿ ನೋಡಿದ, ತನ್ನ ಕಾಯಿ ಬಿಟ್ಟುಹೋಗುವ ಮನೆಯನ್ನು ನೋಡಿದ, ಆಮೇಲೆ ಬಲಗೈಯನ್ನು ತೊಡೆಯ ಅಡಿಯಿಂದ ಮೆಲ್ಲಗೆ ಎಳೆದುಕೊಂಡ. ಬೆರಳು ಮರಗಟ್ಟಿದ್ದವು. ಆಟ ಅರ್ಧಕ್ಕೆ ಬಂದಿದ್ದರೂ ಅವನ ಒಂದು ಕಾಲಾಳು ಕೂಡ ಸುಮ್ಮಸುಮ್ಮನೆ ಹೋಗಿರಲಿಲ್ಲ.

ಆಗ ಭಾವ ಕುದುರೆಯನ್ನು ಎತ್ತಿದರು. ಅದು ಅವರ ರಾಣಿಗೂ ಇವನ ಒಂಟೆಗೂ ನಡುವೆ ಅಡ್ಡವಾಗಿ ನಿಂತಿದ್ದ ಕುದುರೆ. ಅದನ್ನು ಪಕ್ಕಕ್ಕೆ ಇಟ್ಟು ಬೆರಳು ಬಿಟ್ಟರು. ಒಂಟೆಯ ದಾರಿ ಬಯಲಾಯಿತು, ದಾರಿಯ ಕೊನೆಯಲ್ಲಿ ಭಾವನ ರಾಣಿ.

ಅವನು ಮೊದಲು ನಂಬಲಿಲ್ಲ. ಇದು ಬಲೆ ಇರಬೇಕು ಎಂದುಕೊಂಡ. ರಾಣಿಯನ್ನು ಹೊಡೆದರೆ ತನ್ನ ರಾಜನಿಗೆ ಎಲ್ಲಿಂದಾದರೂ ಚೆಕ್ ಬೀಳುತ್ತದೆಯೇ ಎಂದು ಹುಡುಕಿದ, ಮತ್ತೊಮ್ಮೆ ಹುಡುಕಿದ. ಎಲ್ಲಿಂದಲೂ ಇರಲಿಲ್ಲ. ಭಾವನ ಮುಖ ನೋಡಿದ. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾದ. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು, ಹಲಗೆಯನ್ನು ನೋಡಿದರು, ಅದೇ ರಾಣಿಯನ್ನೂ ನೋಡಿದರು. ಅವರ ಮುಖದಲ್ಲಿ ಏನೂ ಕದಲಲಿಲ್ಲ.

“ಭಾವ, ಇನ್ನೊಂದ್ಸಲ ನೋಡಿ,” ಎಂದ ಅವನು.

“ನೋಡೋದೇನು? ಇಟ್ಟಾಯ್ತಲ್ಲ.”

“ಅಲ್ಲ, ಬೇಕಾದ್ರೆ ವಾಪಸ್ ತಗೊಳ್ಳಿ.”

“ಯಾವತ್ತು ತಗೊಂಡಿದೀನಿ ನಾನು?” ಭಾವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. “ಆಡು.”

ಅವನು ಒಂಟೆಯಿಂದ ರಾಣಿಯನ್ನು ಹೊಡೆದ. ಹೊಡೆದ ಕಾಯಿಯನ್ನು ಮೇಜಿನ ಅಂಚಿನಲ್ಲಿ ನಿಲ್ಲಿಸಿದ. ಭಾವ ತಲೆದೂಗಿ, “ಒಳ್ಳೆ ನಡೆ” ಎಂದು ಒಂದು ಕಾಲಾಳನ್ನು ಮುಂದೆ ತಳ್ಳಿದರು. ಅದಾದ ಮೇಲಿನ ಸರದಿಯಲ್ಲಿ ಅವರ ಕೈ ರಾಣಿ ಇದ್ದ ಮನೆಗೆ ಹೋಯಿತು. ಅಲ್ಲಿ ಬೆರಳು ಆಡಿಸಿದರು. ಪಕ್ಕದ ಮನೆ ನೋಡಿದರು, ಹಲಗೆಯ ಅಂಚಿನ ಕೆಳಗೆ ನೋಡಿದರು.

“ಇಲ್ಲೇ ಇತ್ತಲ್ಲ,” ಎಂದರು ಮೆಲ್ಲಗೆ, ತಮಗೆ ತಾವೇ.

ಆಟವನ್ನು ಅಲ್ಲಿಗೇ ನಿಲ್ಲಿಸೋಣ ಎಂದರೆ ಯಾಕೆ ಎಂದು ಕೇಳುತ್ತಾರೆ. ರಾಣಿಯನ್ನು ಮರಳಿ ಇಟ್ಟರೆ ಅವಮಾನ ಮಾಡಿದಂತಾಗುತ್ತದೆ. ಅವನು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ, ಸರದಿ ಬಂದಾಗಲೆಲ್ಲ ಆಡಿದ, ಬೇಡವೆಂದರೂ ಗೆಲುವು ಹತ್ತಿರವಾಗುತ್ತ ಬಂತು. ಕೊನೆಗೆ ಭಾವನ ರಾಜನಿಗೆ ಹೋಗಲು ಮನೆ ಉಳಿಯಲಿಲ್ಲ. ಇಡೀ ಬದುಕಿನಲ್ಲಿ ಕಾದ ಕ್ಷಣ ಅದು. ಅವನಿಗೆ ಅಳು ಬರುವುದೊಂದು ಬಾಕಿ.

ಭಾವ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಎದ್ದು ಬಂದು ಅವನ ಬೆನ್ನು ತಟ್ಟಿದರು.

“ಮುಂದಿನ ವಾರ ಸ್ವಲ್ಪ ಹುಷಾರಾಗಿ ಆಡು,” ಎಂದರು.

ಅಕ್ಕ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಹಾದ ಮೇಲೆ ಕೆನೆ ಕಟ್ಟಿತ್ತು. ಭಾವ ಕೈ ತೊಳೆಯಲು ಒಳಗೆ ಹೋದ ಮೇಲೆ ಅವಳು ತಟ್ಟೆಯನ್ನು ಕೆಳಗಿಟ್ಟು, ತಮ್ಮನನ್ನು ಅಂಗಡಿಯ ಮುಂಭಾಗಕ್ಕೆ ಕರೆದುಕೊಂಡು ಹೋದಳು. ಗಾಜಿನ ಕಪಾಟಿನ ತುಂಬ ಕನ್ನಡಕಗಳು, ಒಂದೊಂದಕ್ಕೂ ಗಿರಾಕಿಯ ಚೀಟಿ ಕಟ್ಟಿತ್ತು.

“ನೋಡ್ದೆ ನಾನು,” ಎಂದಳು.

“ಅಕ್ಕಾ, ಭಾವನಿಗೆ…”

“ಗೊತ್ತು ಕಣೋ. ಶಾಲೆ ಮೇಡಂ ಕನ್ನಡಕ ವಾಪಸ್ ತಂದ್ರು, ಇವರು ಎಡಗಡೆ ಗಾಜು ಬಲಗಡೆ ಹಾಕಿದ್ರು. ಆಮೇಲೆ ಇನ್ನೊಬ್ರು ತಂದ್ರು. ಈಗ ಕೊಡೋಕೆ ಮುಂಚೆ ಎಲ್ಲಾನೂ ನಾನೇ ಒಂದ್ಸಲ ನೋಡ್ತೀನಿ. ಮನೇಲಿ ಬೇಜಾರು, ಅಂಗಡೀಲಿ ಬಂದು ಕೂರ್ತೀನಿ ಅಂತ ಹೇಳಿದೀನಿ ಅವರಿಗೆ.”

“ಡಾಕ್ಟರಿಗೆ ತೋರಿಸಿದ್ಯಾ?”

“ತೋರಿಸ್ದೆ. ಕಣ್ಣಿನದಲ್ಲ, ಮರೆವಿನದು ಅಂದ್ರು. ಮಾತ್ರೆ ಕೊಟ್ಟಿದಾರೆ, ಇದು ವಾಸಿಯಾಗೋ ಕಾಯಿಲೆ ಅಲ್ಲ ಅಂದ್ರು.” ಅಕ್ಕ ಒಂದು ಫ್ರೇಮನ್ನು ತೆಗೆದು ಅದರ ಕಡ್ಡಿಯನ್ನು ಮಡಚಿದಳು, ಬಿಚ್ಚಿದಳು. “ಮಕ್ಕಳಿಗೆ ಹೇಳಿಲ್ಲ. ಹೇಳಿದ ದಿನವೇ ಬಂದು ಅಂಗಡಿ ಮುಚ್ಚಿಸ್ತಾರೆ. ಮುಚ್ಚಿಸಿದ್ರೆ ಇವರು ಮನೇಲಿ ಕೂತು ಏನು ಮಾಡ್ತಾರೆ?”

ಅವನು ಬೀದಿ ನೋಡುತ್ತ ನಿಂತ.

“ನೀನು ಗೆದ್ದೆ ಅಂತ ಯಾರಿಗೂ ಹೇಳಬೇಡ,” ಎಂದಳು ಅಕ್ಕ. “ನಿನ್ನ ಹೆಂಡತಿಗೂ ಬೇಡ. ಹೇಳಿದ್ರೆ ಎಲ್ಲರಿಗೂ ತಿಳಿದುಹೋಗತ್ತೆ. ನೀನು ಗೆಲ್ಲಬೇಕು ಅಂದ್ರೆ ಅವರಿಗೇ ಏನೋ ಆಗಿರಬೇಕು ಅಂತ ಚಿಕ್ಕ ಮಗೂಗೂ ಗೊತ್ತಾಗತ್ತೆ.”

ಆ ಮಾತು ತಮ್ಮನಿಗೆ ಎಲ್ಲಿ ತಾಗುತ್ತದೆ ಎಂದು ಅವಳು ಯೋಚಿಸಿರಲಾರಳು. ಯೋಚಿಸುವ ಸ್ಥಿತಿಯಲ್ಲೂ ಅವಳು ಇರಲಿಲ್ಲ. ಅವನು ಆಯಿತು ಎಂದು ತಲೆಯಾಡಿಸಿದ.

“ಮುಂದಿನ ವಾರನೂ ಬಾ. ಬಂದು ಸೋತು ಹೋಗು.” ಅಕ್ಕ ನಗಲು ನೋಡಿದಳು, ಆಗಲಿಲ್ಲ. “ನಿನಗೇನು ಹೊಸದಾ? ಇವತ್ತು ತಾವೇ ಗೆದ್ದದ್ದು ಅಂತ ಅಂದ್ಕೊಂಡಿದಾರೆ, ನಾಳೆ ತಿಳಿದ್ರೆ ತಡ್ಕೊಳ್ಳಲ್ಲ. ಆಟ ಒಂದನ್ನ ಅವರು ಇನ್ನೂ ನಂಬಿದಾರೆ. ನಿನ್ನ ಕೈಲಿದೆ ಅದು.”

ಯಾರಾದರೂ ನಂಬಿ ಕೊಡಲಿ ಎಂದು ಅಷ್ಟು ವರ್ಷ ಆಸೆಪಟ್ಟವನ ಕೈಗೆ ಕಡೆಗೂ ಒಂದು ವಸ್ತು ಬಂತು. ಬೇಡ ಎನ್ನುವ ಧೈರ್ಯವಾಗಲಿ, ಹಿಡಿದುಕೊಳ್ಳುವ ಶಕ್ತಿಯಾಗಲಿ ಅವನಲ್ಲಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಅವನ ಮುಖ ನೋಡಿ, “ಏನಾಯ್ತು?” ಎಂದಳು.

“ಸೋತೆ.”

“ಕೈ ಮೇಲೆ ಕೂತಿದ್ರಾ?”

“ಕೂತಿದ್ದೆ.”

“ಮತ್ತೆ?”

“ಮತ್ತೇನು, ಎದ್ದಾಗ ಹೋಯ್ತು,” ಎಂದ. ಅವಳು ಬಿದ್ದು ಬಿದ್ದು ನಕ್ಕಳು. ಸಂಜೆ ಯಾರದೋ ಫೋನು ಬಂದಾಗ ಅದನ್ನೇ ಹೇಳಿ ಇನ್ನೊಂದು ಸಲ ನಕ್ಕಳು. ಅವನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡ. ಒಂದು ಮಾತು ಹೇಳಿದರೆ ಸಾಕು, ಆ ನಗು ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ.

ಸೋಲುವುದು ಕಷ್ಟವಾದೀತು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಮೊದಲು ಹೇಗೋ ನಡೆಯಿತು. ಒಂದು ಆನೆ, ಒಂದು ಒಂಟೆ ಬಿಟ್ಟುಕೊಟ್ಟರೆ ಭಾವ ಹೊಡೆಯುತ್ತಿದ್ದರು, ಹಳೆಯ ಹಾಗೆ ರೇಗಿಸುತ್ತಿದ್ದರು, ಅಕ್ಕ ಬಾಗಿಲಲ್ಲಿ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಬರಬರುತ್ತ ಭಾವನ ಕಾಯಿಗಳು ತಾವಾಗಿಯೇ ಬಂದು ಇವನ ಕಾಯಿಗಳ ಬಾಯಿಗೆ ಬೀಳತೊಡಗಿದವು. ಅವನ್ನು ಹೊಡೆಯದೆ ಇರಬೇಕು, ಹೊಡೆಯದೆ ಇದ್ದದ್ದು ಭಾವನಿಗೆ ಗೊತ್ತಾಗಬಾರದು, ತನ್ನದನ್ನು ಅವರಿಗೆ ಕಾಣುವ ಹಾಗೆ ಇಡಬೇಕು. ತಪ್ಪಾಗದ ಹಾಗೆ ಆಡುವುದಕ್ಕಿಂತ ಹೆಚ್ಚು ಕಣ್ಣು ಇದಕ್ಕೆ ಬೇಕಾಯಿತು. ಪ್ರತಿ ನಡೆಗೂ ಎಲ್ಲ ಕಾಯಿಗಳನ್ನೂ ನೋಡಬೇಕಿತ್ತು, ಈಗ ಇಬ್ಬರ ಪರವಾಗಿಯೂ.

ಮತ್ತೊಂದು ಭಾನುವಾರ ಬಂತು. ಕಿಟಕಿಯ ಬೆಳಕು ಹಲಗೆಯ ಮೇಲೆ ನೇರವಾಗಿ ಬೀಳುತ್ತಿತ್ತು, ಕಾಣದೆ ಇರಲು ಕಾರಣವೇ ಇರಲಿಲ್ಲ. ಅವನು ತನ್ನ ರಾಣಿಯನ್ನು ಎತ್ತಿ ಭಾವನ ಕಾಲಾಳಿನ ಓರೆಗೆ, ಅದು ಸುಮ್ಮನೆ ಹೊಡೆಯಬಹುದಾದ ಮನೆಯಲ್ಲಿ ಇಟ್ಟ. ಭಾವ ಗಲ್ಲಕ್ಕೆ ಕೈ ಕೊಟ್ಟು ನೋಡಿದರು, ಆನೆಯನ್ನು ಒಂದು ಮನೆ ಸರಿಸಿದರು.

ಅವನು ರಾಣಿಯನ್ನು ಇನ್ನೂ ಹತ್ತಿರಕ್ಕೆ, ಭಾವನ ರಾಜನ ಮಗ್ಗುಲಿಗೇ ಒಯ್ದು ಇಟ್ಟ. “ಚೆಕ್” ಎಂದ. ಹಿಂದೆ ಕಾವಲಿಗೆ ಯಾವ ಕಾಯಿಯೂ ಇರಲಿಲ್ಲ. ರಾಜನೇ ಕೈಚಾಚಿ ಅದನ್ನು ಹೊಡೆಯಬಹುದಿತ್ತು.

ಭಾವ ನೋಡಿದರು. ಬೆರಳನ್ನು ರಾಜನ ಮೇಲೆ ತಂದರು, ಹಿಂದಕ್ಕೆ ತೆಗೆದುಕೊಂಡರು, ಮತ್ತೆ ತಂದರು. ಹೊಡೀರಿ ಭಾವ, ಎಂದು ಅವನು ಒಳಗೊಳಗೇ ಬೇಡಿಕೊಂಡ. ಯಾವ ಕಾಯಿಗಾಗಿಯೂ, ಯಾವ ಗೆಲುವಿಗಾಗಿಯೂ ಅವನು ಹಾಗೆ ಬೇಡಿಕೊಂಡದ್ದಿಲ್ಲ. ಭಾವನ ಕೈ ಹಲಗೆಯ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಆಮೇಲೆ ಮಡಿಲಿಗೆ ಇಳಿಯಿತು.

“ಈಗ ಯಾರ ಆಟ?” ಎಂದು ಭಾವ ಕೇಳಿದರು.

“ನಿಮ್ಮದೇ ಭಾವ,” ಎಂದ ಅವನು. “ನಿಧಾನವಾಗಿ ಆಡಿ.”